ಎದೆಗುಂದದ ಭಕ್ತ ವಿಲಿಯಂ ಕೇರಿ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಓದು ಭಾರವೆನಿಸಿ ಪುಸ್ತಕ ಮುಚ್ಚಿಡುವ ಮನಸ್ಸಾದಾಗಲೆಲ್ಲ ನನಗೆ ವಿಲಿಯಂ ಕೇರಿಯವರ ನೆನಪಾಗುತ್ತದೆ.

1761ರಲ್ಲಿ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ನೇಕಾರನ ಮಗನಾಗಿ ಹುಟ್ಟಿದ ಅವರು ಜೋಡು ಹೊಲಿಯುತ್ತಲೇ ಲ್ಯಾಟಿನ್, ಗ್ರೀಕ್ ಕಲಿತರು. ಕ್ರಿಸ್ತನ ಸುವಾರ್ತೆ ಸಾರಲು 1793ರಲ್ಲಿ ಬಂಗಾಳಕ್ಕೆ ಬಂದರು. ಮರುವರ್ಷವೇ ಐದು ವರ್ಷದ ಮಗ ಪೀಟರ್ ತೀರಿಕೊಂಡನು, ಪತ್ನಿಗೆ ಚಿತ್ತಭ್ರಮೆಯಾಯಿತು. ಅವರ ಸೇವೆಯಿಂದ ಮೊದಲ ಬಂಗಾಳಿಯೊಬ್ಬನು ದೀಕ್ಷಾಸ್ನಾನ ಪಡೆಯಲು 1800ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೂ ಅವರಿಗೆ ಪ್ರಾರ್ಥನೆಯೊಂದೇ ಆಸರೆ.

1812ರ ಮಾರ್ಚ್ 11ರ ರಾತ್ರಿ ಶ್ರೀರಾಮಪುರದ ಅವರ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ವರ್ಷಗಟ್ಟಲೆ ದುಡಿದು ಸಿದ್ಧಪಡಿಸಿದ್ದ ಬಹುಭಾಷಾ ನಿಘಂಟಿನ ಹಸ್ತಪ್ರತಿ ಬೂದಿಯಾಯಿತು. ಕೇರಿಯವರು ಅದನ್ನು ದೇವರ ಚಿತ್ತವೆಂದು ತಲೆಬಾಗಿ ಸ್ವೀಕರಿಸಿದರು. ಆದರೆ ಕೈಕಟ್ಟಿ ಕೂರಲಿಲ್ಲ. ಕರಗಿಹೋಗಿದ್ದ ಲೋಹದಿಂದಲೇ ಹೊಸ ಅಚ್ಚುಮೊಳೆಗಳನ್ನು ಎರಕ ಹೊಯ್ಯಿಸಲಾಯಿತು. ಐದು ವರ್ಷಗಳ ಬಳಿಕ, 1817ರಲ್ಲಿ, ಅವರು ಬರೆದ ಕನ್ನಡ ವ್ಯಾಕರಣವೂ ಅಲ್ಲಿಯೇ ಅಚ್ಚಾಯಿತು. 1834ರಲ್ಲಿ ಅದೇ ಊರಿನಲ್ಲಿ ಅವರು ಕಣ್ಣುಮುಚ್ಚಿದರು.

ದೇವರನ್ನು ನಂಬಿದ ಕೇರಿಯವರಿಗೆ ಕಷ್ಟಗಳು ತಪ್ಪಲಿಲ್ಲ. ಪ್ರತಿ ಸಲವೂ ಮತ್ತೆ ಏಳುವ ಬಲ ಮಾತ್ರ ಬಂದಿತು. ಅದನ್ನು ನೆನೆದು ನಾನೂ ಮುಚ್ಚಿದ ಪುಸ್ತಕವನ್ನು ಪುನಃ ತೆರೆಯುತ್ತೇನೆ.