ಫೆರ್ಡಿನಾಂಡ್ ಕಿಟ್ಟೆಲ್ ಅಯ್ಯನವರ ಚರಿತ್ರೆಯೂ ಅವರ ಹೆಸರಿನ ಅರ್ಥವೂ

ನಮ್ಮ ಬಾಶೆಟ್ಟಿಹಳ್ಳಿಯ ಸುತ್ತುಮುತ್ತಿನಲ್ಲಿ ಕಿಟ್ಟೆಲ್ ಎಂಬ ಹೆಸರನ್ನು ಮೊದಲ ಸಾರಿ ಕೇಳುವವರು ಅದನ್ನು ಕಿಟ್ಟಪ್ಪ, ಕಿಟ್ಟಣ್ಣ ಎಂಬವರ ಬಳಗಕ್ಕೆ ಸೇರಿಸಿಬಿಡುವದುಂಟು. ಕೃಷ್ಣನೆಂಬ ಹೆಸರು ಜನರ ಬಾಯಲ್ಲಿ ಸವೆದು ಕಿಟ್ಟ ಎಂದಾಯಿತು. ಅದು ನಮ್ಮ ದೇಶದ್ದೇ. ಆದರೆ ಕನ್ನಡದ ದೊಡ್ಡ ನಿಘಂಟನ್ನು ಮಾಡಿದ ಕಿಟ್ಟೆಲ್ ಅಯ್ಯನವರ ಹೆಸರು ಸಮುದ್ರದ ಆಚೆಯಿಂದ ಬಂದದ್ದು. ಅದರ ಅರ್ಥವು ಬಹು ಸಾಧಾರಣವಾದದ್ದು, ಅಂದರೆ ಅಂಗಿ.

ಜರ್ಮನ್ ಭಾಷೆಯಲ್ಲಿ ಕಿಟ್ಟೆಲ್ ಎಂದರೆ ನಾರುಬಟ್ಟೆಯಿಂದಾಗಲಿ ಹತ್ತಿಬಟ್ಟೆಯಿಂದಾಗಲಿ ಹೊಲಿದ, ಮೈಮೇಲೆ ಸಡಿಲವಾಗಿ ಇಳಿಬೀಳುವ ಮೇಲಂಗಿ. ಒಕ್ಕಲಿಗನೂ ಕೂಲಿಯಾಳೂ ಕೆಲಸದ ವೇಳೆಯಲ್ಲಿ ಅದನ್ನು ತೊಟ್ಟುಕೊಳ್ಳುತ್ತಿದ್ದರು. ಈಗಲೂ ಅಲ್ಲಿ ವೈದ್ಯರ ಬಿಳಿಯ ಅಂಗಿಗೆ ಇದೇ ಹೆಸರು. ಯೆಹೂದ್ಯರಲ್ಲಿಯೂ ಈ ಮಾತು ಬಳಕೆಯಲ್ಲಿದೆ. ದೋಷಪರಿಹಾರಕ ದಿನದಲ್ಲಿ ಅವರು ತೊಡುವ ಬಿಳಿಯ ನಿಲುವಂಗಿಯನ್ನು ಕಿಟ್ಟೆಲ್ ಎನ್ನುತ್ತಾರೆ. ಮದುವೆಯ ದಿನ ಮದಲಿಂಗನು ಅದನ್ನು ತೊಡುವ ವಾಡಿಕೆಯುಂಟು. ಸತ್ತವನನ್ನು ಅದರಲ್ಲಿಯೇ ಹೂಳುವದೂ ಉಂಟು.

ಅಂಗಿಯ ಹೆಸರು ಮನುಷ್ಯನಿಗೆ ಹೇಗೆ ಅಂಟಿಕೊಂಡಿತು ಎಂದು ಕೇಳುವಿರೋ? ಹಿಂದಿನ ಕಾಲದಲ್ಲಿ ಜರ್ಮನಿಯ ಊರುಗಳು ಬೆಳೆದು, ಒಂದೇ ಬೀದಿಯಲ್ಲಿ ಹತ್ತು ಮಂದಿ ಯೋಹಾನರು ಆದಾಗ, ಕಸುಬಿನಿಂದಲೋ ಊರಿನಿಂದಲೋ ಮೈಚಹರೆಯಿಂದಲೋ ಒಬ್ಬೊಬ್ಬನನ್ನು ಗುರುತಿಸಬೇಕಾಯಿತು. ಕಮ್ಮಾರನು ಶ್ಮಿಟ್ ಆದನು, ಹಿಟ್ಟಿನ ಗಿರಣಿಯವನು ಮ್ಯುಲ್ಲರ್ ಆದನು, ನೇಕಾರನು ವೇಬರ್ ಆದನು. ದೊಡ್ಡಬಳ್ಳಾಪುರದ ಮಗ್ಗದ ಮನೆಯವರು ಅಲ್ಲಿ ಹುಟ್ಟಿದ್ದರೆ ವೇಬರ್ ಎಂದೇ ಕರೆಯಲ್ಪಡುತ್ತಿದ್ದರು. ಹಾಗೆಯೇ ಮೇಲಂಗಿಗಳನ್ನು ಹೊಲಿಯುವವನಿಗೆ, ಇಲ್ಲವೆ ಯಾವಾಗಲೂ ಅದನ್ನೇ ತೊಟ್ಟು ತಿರುಗುವವನಿಗೆ, ಕಿಟ್ಟೆಲ್ ಎಂಬ ಅಡ್ಡಹೆಸರು ಬಿದ್ದು, ಮಕ್ಕಳು ಮೊಮ್ಮಕ್ಕಳಿಗೆ ಮನೆತನದ ಹೆಸರಾಗಿ ನಿಂತಿತು. ಧಾರವಾಡದ ಸೀಮೆಯಲ್ಲಿ ಬಡಿಗೇರ, ಹೂಗಾರ, ಮೆಣಸಿನಕಾಯಿ ಎಂಬ ಮನೆತನಗಳಿರುವದನ್ನು ಬಲ್ಲವರಿಗೆ ಇದು ಸೋಜಿಗವಲ್ಲ. ಆದರೂ ಹೆಸರನ್ನು ನೋಡಿ ಕಸುಬನ್ನು ಹೇಳಲಾಗದು. ಬಾಸೆಲ್ ಮಿಶನಿನ ಚೀಗ್ಲರ್ ಎಂಬವರ ಹೆಸರಿಗೆ ಇಟ್ಟಿಗೆ ಹೆಂಚುಗಳನ್ನು ಮಾಡುವವನು ಎಂದು ಅರ್ಥ. ಅವರು ಮಾಡಿದ್ದು 1876ರಲ್ಲಿ ಅಚ್ಚಾದ ಇಂಗ್ಲಿಷ್-ಕನ್ನಡ ಶಾಲಾ ನಿಘಂಟು. ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ಹಾಕಿದವರು ಪ್ಲೆಬ್ಸ್ಟ್ ಎಂಬವರು!

ಫೆರ್ಡಿನಾಂಡ್ ಕಿಟ್ಟೆಲ್ ಅಯ್ಯನವರು 1832ನೆಯ ಇಸವಿ ಎಪ್ರಿಲ್ ತಿಂಗಳಲ್ಲಿ ಜರ್ಮನಿಯ ವಾಯವ್ಯ ಮೂಲೆಯ ಓಸ್ಟ್‌ಫ್ರೀಸ್‌ಲಾಂಡ್ ಸೀಮೆಯಲ್ಲಿ, ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಸಭಾಪಾಲಕರು. ಆ ಸೀಮೆಯ ಜನರು ಬಹುಕಾಲ ನಮ್ಮ ಹಾಗೆಯೇ ತಂದೆಯ ಹೆಸರನ್ನು ತಮ್ಮ ಹೆಸರಿಗೆ ಕೂಡಿಸಿಕೊಳ್ಳುತ್ತಿದ್ದು, ತಲೆಮಾರಿನಿಂದ ತಲೆಮಾರಿಗೆ ಅದು ಬದಲಾಗುತ್ತಿತ್ತು. ನೆಪೋಲಿಯನ್ ಚಕ್ರವರ್ತಿಯ ದೊರೆತನ ಅಲ್ಲಿ ನಡೆಯುತ್ತಿರುವಾಗ, 1811ರಲ್ಲಿ, ಪ್ರತಿಯೊಂದು ಮನೆಯವರೂ ಒಂದು ಸ್ಥಿರವಾದ ಹೆಸರನ್ನು ಇಟ್ಟುಕೊಳ್ಳಬೇಕೆಂಬ ಆಜ್ಞೆ ಹೊರಟಿತು. ಅಂಥ ಸೀಮೆಯಲ್ಲಿ ಕಿಟ್ಟೆಲ್ ಎಂಬುದು ಹೊರಗಿನ ಹೆಸರು. ಆ ಹೆಸರಿನವರು ಹೆಚ್ಚಾಗಿರುವದು ಪೂರ್ವದಿಕ್ಕಿನ ಸಾಕ್ಸನಿಯಲ್ಲಿ. ಹೀಗೆ ಅಯ್ಯನವರು ಹುಟ್ಟೂರಿನಲ್ಲಿಯೂ ಹೆಸರಿನಿಂದ ಸ್ವಲ್ಪ ಪರಸ್ಥಳದವರೇ ಆಗಿದ್ದರು.

ಅವರು 1850ರಲ್ಲಿ ಬಾಸೆಲ್ ಪಟ್ಟಣದ ಮಿಶನ್ ಪಾಠಶಾಲೆಯನ್ನು ಸೇರಿ, 1853ರಲ್ಲಿ, ಇಪ್ಪತ್ತೊಂದು ವರುಷದ ಪ್ರಾಯದಲ್ಲಿ, ನಮ್ಮ ದೇಶಕ್ಕೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿ ಅವರ ಕಾರ್ಯಸ್ಥಳಗಳಾದವು. ಬಂದ ಹೊಸತರಲ್ಲಿ ಅವರಿಗೊಂದು ಹಟವಿತ್ತು. ಅಪೊಸ್ತಲನಾದ ಪೌಲನು ಎಲ್ಲರಿಗೆ ಎಲ್ಲವೂ ಆದಂತೆ ತಾವೂ ಈ ದೇಶದವರಿಗೆ ಈ ದೇಶದವರಾಗಬೇಕೆಂದು ಬಯಸಿ, ಬಂಗಲೆಯ ಬಾಳನ್ನು ಮೆಚ್ಚದೆ, ಕಾಲ್ನಡೆಯಾಗಿ ಹಳ್ಳಿಗಳನ್ನು ತಿರುಗಿ, ಜನರ ಮಾತನ್ನು ಜನರ ಬಾಯಿಂದಲೇ ಕಲಿತರು. ಇದು ಹಿರಿಯ ಮಿಶನರಿಗಳಿಗೆ ಸರಿಬೀಳಲಿಲ್ಲ. ಬಿಳಿಯರ ಮರ್ಯಾದೆಗೆ ಕುಂದು ಬಂದೀತೆಂದೂ, ಹಳಗನ್ನಡ ಕಾವ್ಯಗಳನ್ನು ಓದುತ್ತ ಕೂತರೆ ಸುವಾರ್ತೆಯ ಕೆಲಸ ಹಿಂದೆ ಬಿದ್ದೀತೆಂದೂ ಅವರ ಎಣಿಕೆ. ಆದದರಿಂದ ಅಯ್ಯನವರು ತಮ್ಮವರ ನಡುವೆಯೇ ಒಂಟಿಯಾದರು. ಹಿರಿಯರ ಭಯಕ್ಕೂ ಕಾರಣವಿಲ್ಲದಿರಲಿಲ್ಲ, ಏಕೆಂದರೆ ಸಭೆಗಳಿಗೆ ಕುರುಬರು ಸಾಲುತ್ತಿರಲಿಲ್ಲ. ಆದರೂ ಆ ಒಬ್ಬರ ಕಾಗದಪತ್ರಗಳನ್ನು ಕಸಿದುಕೊಂಡಿದ್ದರೆ ಕನ್ನಡಕ್ಕೆ ಎಷ್ಟು ನಷ್ಟವಾಗುತ್ತಿತ್ತೆಂದು ನಾವು ಈಗ ಬಲ್ಲೆವು.

ಮನೆಯಲ್ಲಿಯೂ ದುಃಖ ತಪ್ಪಲಿಲ್ಲ. 1860ರಲ್ಲಿ ಮದುವೆಯಾದ ಪೌಲೀನೆ ಅಮ್ಮನವರು 1864ರಲ್ಲಿ ತೀರಿಕೊಂಡರು. ತರುವಾಯ ಆಕೆಯ ಸಹೋದರಿಯನ್ನೇ ಅವರು ಮದುವೆಯಾದರು.

ಬರವಣಿಗೆ ಮಾತ್ರ ನಿಲ್ಲಲಿಲ್ಲ. 1862ರಲ್ಲಿ ಕರ್ತನ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ ಹೇಳುವ ಕಥಾಮಾಲೆ ಹೊರಟಿತು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದಸ್ಸನ್ನೂ ಪರಿಷ್ಕರಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಇವೆಲ್ಲವೂ ಮುಂದಿನ ಮಹಾಕಾರ್ಯಕ್ಕೆ ಹದಗೊಳಿಸಿದ ನೆಲವಾಯಿತು.

ಬಳ್ಳಾರಿಯಲ್ಲಿದ್ದ ಲಂಡನ್ ಮಿಶನಿನ ರೀವ್ ಅಯ್ಯನವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದು 1832ರಲ್ಲಿ, ಅಂದರೆ ಕಿಟ್ಟೆಲ್ ಹುಟ್ಟಿದ ವರುಷದಲ್ಲಿಯೇ. ಆ ಪುಸ್ತಕವು ಕಾಲ ಕಳೆದ ಹಾಗೆ ಸಾಲದಾಯಿತು. ಅಯ್ಯನವರು ಓಲೆಗರಿಗಳನ್ನು ಓದಿ, ಊರಿನ ಪಂಡಿತರ ಸಹಾಯ ತೆಗೆದುಕೊಂಡು, ಗಾದೆಗಳನ್ನೂ ಹೊಲ ಮನೆ ಅಂಗಡಿಗಳ ಮಾತುಗಳನ್ನೂ ಕೂಡಿಸಿ, ಸಂಸ್ಕೃತದಿಂದ ಬಂದದ್ದು ಯಾವದು, ದ್ರಾವಿಡ ಮೂಲದ್ದು ಯಾವದು ಎಂದು ಬೇರ್ಪಡಿಸಿ, ತಮಿಳು, ತೆಲುಗು, ಮಲೆಯಾಳ, ತುಳು ಭಾಷೆಗಳಲ್ಲಿರುವ ಒಡಹುಟ್ಟಿದ ಮಾತುಗಳನ್ನು ಪಕ್ಕದಲ್ಲಿ ಬರೆದರು. 1877ರಲ್ಲಿ ಜರ್ಮನಿಗೆ ಹೋದವರು 1883ರಲ್ಲಿ, ಐವತ್ತು ದಾಟಿದ ಮೇಲೆ, ಈ ಕೆಲಸಕ್ಕಾಗಿ ಮತ್ತೆ ಬಂದರು. 1892ರಲ್ಲಿ ಕಡೆಯ ಸಾರಿ ಹಿಂದಿರುಗಿದರು. 1894ರಲ್ಲಿ ಮಂಗಳೂರಿನಲ್ಲಿ ಸುಮಾರು 70,000 ಶಬ್ದಗಳ ಆ ಗ್ರಂಥವು, ಸಾವಿರದ ಏಳುನೂರಕ್ಕೂ ಹೆಚ್ಚು ಪುಟಗಳಲ್ಲಿ, ಹೊರಬಿತ್ತು. 1896ರಲ್ಲಿ ಟ್ಯುಬಿಂಗನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣವು ಪ್ರಕಟವಾಯಿತು. ಅದೇ ವರುಷದ ಡಿಸೆಂಬರ್ ತಿಂಗಳಲ್ಲಿ ಅವರು ಟ್ಯುಬಿಂಗನ್ನಿನಲ್ಲಿ ತೀರಿಹೋದರು.

ಇದೇ ಹೆಸರಿನ ಬೇರೆಯವರನ್ನೂ ತಿಳಿದಿರಬೇಕು, ಇಲ್ಲವಾದರೆ ಗಲಿಬಿಲಿಯಾದೀತು. ಸೆಮಿನರಿಯ ಪುಸ್ತಕಶಾಲೆಯಲ್ಲಿ ಕಿಟ್ಟೆಲ್ ಎಂದು ಬರೆದ ದಪ್ಪ ಸಂಪುಟಗಳನ್ನು ಕಂಡು, ನಮ್ಮ ಅಯ್ಯನವರು ಗ್ರೀಕ್ ಭಾಷೆಗೂ ನಿಘಂಟು ಮಾಡಿದರಲ್ಲಾ ಎಂದು ನಾನು ಬೆರಗಾದದ್ದುಂಟು. ಅದು ಗೆರ್ಹಾರ್ಡ್ ಕಿಟ್ಟೆಲ್ ಎಂಬವರು 1933ರಿಂದ ಹೊರಡಿಸಿದ ಹೊಸ ಒಡಂಬಡಿಕೆಯ ನಿಘಂಟು. ಅವರ ತಂದೆಯಾದ ರುಡಾಲ್ಫ್ ಕಿಟ್ಟೆಲ್ ಇಬ್ರಿಯ ಬೈಬಲಿನ ಮೂಲಪಾಠವನ್ನು ಪರಿಷ್ಕರಿಸಿದ ಪಂಡಿತರು. ಆದರೆ ಮಗನು ಹಿಟ್ಲರನ ಪಕ್ಷವನ್ನು ಸೇರಿ ಯೆಹೂದ್ಯರಿಗೆ ವಿರೋಧವಾಗಿ ಬರೆದನು. ಯೆಹೂದ್ಯರ ಪರಿಶುದ್ಧ ದಿನದ ಅಂಗಿಯ ಹೆಸರನ್ನೇ ಹೊತ್ತವನು ಹೀಗೆ ಮಾಡಿದ್ದು ಎಂಥ ಕಲೆ! ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಓದುವ ಹುಡುಗರು ಬಲ್ಲ ಚಾರ್ಲ್ಸ್ ಕಿಟ್ಟೆಲ್ ಅಮೇರಿಕದವರು. ಇಷ್ಟು ಮಂದಿಯಿದ್ದರೂ ಜರ್ಮನಿಯಲ್ಲಿ ಈ ಹೆಸರು ಮ್ಯುಲ್ಲರ್, ಶ್ಮಿಟ್ ಎಂಬವುಗಳಷ್ಟು ಹರಡಿಲ್ಲ.

ಕನ್ನಡನಾಡಿನಲ್ಲಿ ಮಾತ್ರ ಅದು ಮನೆಮಾತಾಗಿದೆ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ನಿಘಂಟನ್ನು ಮದ್ರಾಸು ವಿಶ್ವವಿದ್ಯಾಲಯವು 1968ರಿಂದ ಸಂಪುಟ ಸಂಪುಟವಾಗಿ ಪ್ರಕಟಿಸಿತು. ಪಂಡಿತರು ನಿಘಂಟನ್ನು ನೋಡಿರಿ ಎನ್ನುವದಕ್ಕೆ ಬದಲಾಗಿ ಕಿಟ್ಟೆಲ್ ನೋಡಿರಿ ಎನ್ನುತ್ತಾರೆ. ಅಂಗಿಯ ಹೆಸರು ಮನುಷ್ಯನದಾಗಿ, ಮನುಷ್ಯನ ಹೆಸರು ಪುಸ್ತಕದ್ದಾಯಿತು. ಆ ಪುಸ್ತಕದ ಅಕಾರವನ್ನು ತಿರುವಿದರೆ ಅಂಗಿ ಎಂಬ ಮಾತೂ ಅಲ್ಲಿ ಸಿಕ್ಕುತ್ತದೆ.