ಹುಲ್ಲುಬಯಲಿನ ಶಿಲ್ಪಿ

ಜೆನ್ಸ್ ಜೆನ್ಸೆನ್ 1860ನೆಯ ಇಸವಿಯ ಸೆಪ್ಟೆಂಬರ್ 13ರಂದು ಡೆನ್ಮಾರ್ಕಿನ ದಕ್ಷಿಣದ ಅಂಚಿನ ಒಂದು ಒಕ್ಕಲು ಮನೆತನದಲ್ಲಿ ಜನಿಸಿದನು. ಅವನಿಗೆ ನಾಲ್ಕು ವರ್ಷ ತುಂಬುವ ಮೊದಲೇ ಪ್ರಷ್ಯದ ಸೇನೆ ಆ ಸೀಮೆಗೆ ನುಗ್ಗಿತು. ಹೊತ್ತಿ ಉರಿಯುವ ಮನೆಗಳನ್ನು ಆ ಹಸುಳೆ ಕಣ್ಣಾರೆ ಕಂಡಿತು. ಹುಟ್ಟಿದ ಊರು ಪರರಾಜ್ಯದ ಪಾಲಾಯಿತು. ಆದರೆ ಡೇನರ ಜಾನಪದ ಶಾಲೆಗಳು ಅವನಿಗೆ ತನ್ನ ನುಡಿಯನ್ನೂ ಹಾಡನ್ನೂ ನೆಲದ ಮೇಲಣ ಮಮತೆಯನ್ನೂ ಕಲಿಸಿದವು. ಆ ಶಾಲೆಗಳಲ್ಲಿ ಪುಸ್ತಕದಷ್ಟೇ ಹೊಲಕ್ಕೂ ಕಾಡಿಗೂ ಬೆಲೆಯಿತ್ತು. ಈ ಮಾತನ್ನು ನೆನಪಿನಲ್ಲಿಡಬೇಕು. ಮುಪ್ಪಿನಲ್ಲಿ ಅವನು ಮತ್ತೆ ಇಲ್ಲಿಗೇ ಮರಳುತ್ತಾನೆ.

ಜರ್ಮನಿಯ ಸೈನ್ಯದಲ್ಲಿ ಕಡ್ಡಾಯದ ಸೇವೆ ಮುಗಿಸಿ ಬಂದ ತರುಣನು ಆನ್ ಮೇರಿ ಎಂಬ ಕನ್ಯೆಯನ್ನು ವರಿಸಲು ಬಯಸಿದನು. ಮನೆಯವರು ಒಪ್ಪಲಿಲ್ಲ. 1884ರಲ್ಲಿ ಅವರಿಬ್ಬರೂ ಅಮೆರಿಕದ ಹಡಗು ಹತ್ತಿದರು. ಫ್ಲಾರಿಡದಲ್ಲಿ, ಅಯೋವದಲ್ಲಿ ಕೂಲಿ ಮಾಡಿ, ಕೊನೆಗೆ ಜೆನ್ಸೆನ್ ಷಿಕಾಗೊ ನಗರದ ಪಶ್ಚಿಮ ಭಾಗದ ಉದ್ಯಾನಗಳಲ್ಲಿ ಸಾಮಾನ್ಯ ಆಳಾಗಿ ಸೇರಿಕೊಂಡನು.

ಆ ಕಾಲದ ಉದ್ಯಾನವೆಂದರೆ ಅಳತೆಗೋಲಿಟ್ಟು ಬರೆದ ಚಿತ್ರದಂತಿತ್ತು. ದೂರ ದೇಶಗಳಿಂದ ತರಿಸಿದ ಗಿಡಗಳನ್ನು ಸಾಲಾಗಿ ನೆಡುತ್ತಿದ್ದರು. ಜೆನ್ಸೆನ್ನನೂ ಮೊದಲು ಹಾಗೆಯೇ ಮಾಡಿದನು. ಆದರೆ ಎಷ್ಟು ಆರೈಕೆ ಮಾಡಿದರೂ ಆ ಗಿಡಗಳು ಬಾಡಿ ಸತ್ತವು. ನಗರದ ಹೊರಗೆ ಯಾರೂ ನೀರೆರೆಯದ ಹುಲ್ಲುಬಯಲಿನಲ್ಲಿ ಕಾಡುಹೂಗಳು ತಾವಾಗಿ ಅರಳಿ ನಗುತ್ತಿದ್ದವು. ತಪ್ಪು ಮಾಲಿಯದಲ್ಲ, ಆರಿಸಿದ ಗಿಡದ್ದು ಎಂಬುದು ಅವನಿಗೆ ಹೊಳೆಯಿತು. 1888ರಲ್ಲಿ ಅವನು ಕುದುರೆಗಾಡಿ ಹೂಡಿಕೊಂಡು ಬಯಲಿಗೂ ಕಾಡಿಗೂ ಹೋದನು. ಕೇಳುವವರೇ ಇಲ್ಲದ್ದರಿಂದ ಸಸಿ ಮಾರುವವರ ಬಳಿ ಆ ಹೂಗಿಡಗಳು ಇರಲಿಲ್ಲ. ತಾನೇ ಅಗೆದು ತಂದು ಯೂನಿಯನ್ ಪಾರ್ಕಿನ ಒಂದು ಮೂಲೆಯಲ್ಲಿ ನೆಟ್ಟನು. ಜನ ಮೆಚ್ಚಿದರು.

ಕೂಲಿಯಾಳು ಕ್ರಮೇಣ ಮೇಲ್ವಿಚಾರಕನಾದನು. ಆದರೆ ಉದ್ಯಾನಗಳ ಆಡಳಿತದಲ್ಲಿ ಲಂಚಕೋರತನ ಬೇರೂರಿತ್ತು. ಅದರಲ್ಲಿ ಪಾಲುಗೊಳ್ಳಲು ಒಪ್ಪದ ಜೆನ್ಸೆನ್ 1900ರಲ್ಲಿ ಕೆಲಸ ಕಳೆದುಕೊಂಡನು. ಸಂಸಾರವಂದಿಗನಿಗೆ ಇದು ಸಣ್ಣ ಪೆಟ್ಟೇನೂ ಅಲ್ಲ. ಖಾಸಗಿ ತೋಟಗಳನ್ನು ರಚಿಸುತ್ತ ಐದು ವರ್ಷ ಕಳೆದನು. 1905ರಲ್ಲಿ ಆಡಳಿತ ಬದಲಾದಾಗ, ಹೊರದಬ್ಬಿದ್ದ ಆ ಉದ್ಯಾನಗಳಿಗೆಲ್ಲ ಅವನನ್ನೇ ಮುಖ್ಯಸ್ಥನನ್ನಾಗಿ ಕರೆದರು.

1908ರಲ್ಲಿ ತೆರೆದ ಗಾರ್ಫೀಲ್ಡ್ ಪಾರ್ಕಿನ ಗಾಜಿನ ಮನೆ ಅವನ ಕಲ್ಪನೆಯದು. ಅದರ ಆಕಾರ ಹುಲ್ಲಿನ ಬಣವೆಯಂತೆ. ಒಳಗೆ ಕುಂಡಗಳ ಸಾಲಿಲ್ಲ. ಗಿಡಗಳು ನೆಲದಲ್ಲಿಯೇ ಬೇರೂರಿವೆ. ಅಲ್ಲಿನ ಕಿರುಜಲಪಾತವನ್ನು ಕಟ್ಟಿದ ಕಲ್ಲುಕುಟಿಗನ ಕೆಲಸ ಜೆನ್ಸೆನ್ನನಿಗೆ ಹಿಡಿಸಲಿಲ್ಲ. ನೀರು ಧುಮುಕುವುದು ಬೇಡ, ಬಯಲುಸೀಮೆಯ ತೊರೆಯಂತೆ ಮೆಲ್ಲನೆ ಕಿಣಿಕಿಣಿಸಬೇಕು ಎಂಬುದು ಅವನ ಹಟ. ಕಲ್ಲು ಕಿತ್ತು ಮತ್ತೆ ಮತ್ತೆ ಕಟ್ಟಿಸಿದನು. ಕೊನೆಗೆ ಮೆಂಡೆಲ್‌ಸನ್ ರಚಿಸಿದ ವಸಂತಗೀತೆಯನ್ನು ಕೇಳಿ ಬರುವಂತೆ ಆ ಕುಟಿಗನಿಗೆ ಹೇಳಿದನಂತೆ. ಬಳಿಕ ಕೆಲಸ ಸರಿಹೋಯಿತೆಂದು ಹೇಳುತ್ತಾರೆ.

ಕೊಲಂಬಸ್ ಪಾರ್ಕ್ ಅವನ ಕೃತಿಗಳಲ್ಲಿ ಮಿಗಿಲಾದುದು. ಸಮತಟ್ಟಾದ ನೆಲದಲ್ಲಿ ಅಗಲವಾಗಿ ಹರಡಿದ ಹೊಳೆ, ಪದರಪದರವಾಗಿ ಜೋಡಿಸಿದ ಕಲ್ಲು, ದಿಗಂತಕ್ಕೆ ಸಮನಾಗಿ ಕೊಂಬೆ ಚಾಚುವ ಹಾಥಾರ್ನ್ ಎಂಬ ಮುಳ್ಳುಮರ. ಅಲ್ಲಲ್ಲಿ ದುಂಡಗೆ ಕಲ್ಲಿನ ಜಗಲಿ. ನಡುವೆ ಬೆಂಕಿ ಹಾಕಿಕೊಂಡು ಅದರ ಸುತ್ತ ಕುಳಿತವರಲ್ಲಿ ಮೇಲು ಕೀಳಿಲ್ಲ. ಇಂಥ ವೃತ್ತಜಗಲಿ ಅವನ ರಚನೆಗಳ ಗುರುತೇ ಆಯಿತು.

ಉಳಿದಿದ್ದ ಸಹಜ ನೆಲವನ್ನು ಕಾಪಾಡುವುದೂ ಅವನ ಕಾಯಕವಾಗಿತ್ತು. 1913ರಲ್ಲಿ ನಾಡನೆಲದ ಗೆಳೆಯರ ಸಂಘವನ್ನು ಕಟ್ಟಿದನು. ಸಸ್ಯಗಳ ನೆರೆಹೊರೆಯ ಬಾಳುವೆಯನ್ನು ಇಂಡಿಯಾನದ ಮರಳುದಿಬ್ಬಗಳಲ್ಲಿ ಅಭ್ಯಸಿಸಿದ ವಿಜ್ಞಾನಿ ಹೆನ್ರಿ ಕೌಲ್ಸ್ ಅವನ ಸ್ನೇಹಿತನು. ಆ ದಿಬ್ಬಗಳ ಉಳಿವಿಗಾಗಿ 1916ರಲ್ಲಿ ನಡೆದ ವಿಚಾರಣೆಯಲ್ಲಿ ಜೆನ್ಸೆನ್ ವಾದಿಸಿದನು. ರಾಷ್ಟ್ರೀಯ ಉದ್ಯಾನದ ಕನಸು ಕೈಗೂಡಿದ್ದು 2019ರಲ್ಲಿ, ಅವನು ತೀರಿಕೊಂಡ ಎಷ್ಟೋ ಕಾಲದ ಮೇಲೆ.

ಸಿರಿವಂತರ ಮುಂದೆಯೂ ಅವನು ಬಾಗಿದವನಲ್ಲ. ಮೋಟಾರು ತಯಾರಕ ಹೆನ್ರಿ ಫೋರ್ಡನ ಎಸ್ಟೇಟನ್ನು ರೂಪಿಸುತ್ತಿದ್ದಾಗ ಆತನ ಮಡದಿ ಗುಲಾಬಿತೋಟವನ್ನು ಬಯಸಿದಳು. ಅದು ತನ್ನ ರಚನೆಗೆ ಒಗ್ಗದೆಂದು ಜೆನ್ಸೆನ್ ಕೆಲಸವನ್ನೇ ಬಿಟ್ಟನು. ಗುಲಾಬಿಯಲ್ಲಿ ತಪ್ಪೇನಿತ್ತು ಎಂದು ಕೇಳಬಹುದು. ಅವನ ಹಟ ಒಮ್ಮೊಮ್ಮೆ ಅತಿಯಾಗುತ್ತಿದ್ದುದೂ ನಿಜ.

1934ರಲ್ಲಿ ಹೆಂಡತಿ ತೀರಿಕೊಂಡಳು. ಮರುವರ್ಷ, ಇತರರು ವಿಶ್ರಮಿಸುವ ವಯಸ್ಸಿನಲ್ಲಿ, ಅವನು ವಿಸ್ಕಾನ್ಸಿನ್ ಸೀಮೆಯ ಸರೋವರದಂಚಿನ ಕಾಡಿನಲ್ಲಿ 'ಕ್ಲಿಯರಿಂಗ್' ಎಂಬ ಶಾಲೆಯನ್ನು ತೆರೆದನು. ಬಾಲ್ಯದ ಜಾನಪದ ಶಾಲೆಯೇ ಅದಕ್ಕೆ ಮಾದರಿ. ವಿದ್ಯಾರ್ಥಿಗಳು ಮಣ್ಣು ಅಗೆದು, ಗಿಡ ನೆಟ್ಟು, ಕಾಡಿನಲ್ಲಿ ಅಲೆದು ಕಲಿಯಬೇಕಾಗಿತ್ತು. 1937ರಲ್ಲಿ ಮುಖ್ಯ ಕಟ್ಟಡಕ್ಕೆ ಬೆಂಕಿ ಬಿತ್ತು. ಉರಿಯುವ ಮನೆಯನ್ನು ಮುಪ್ಪಿನಲ್ಲಿ ಮತ್ತೊಮ್ಮೆ ಕಂಡ ಆ ಹಿರಿಯನು ಅದನ್ನು ಮರಳಿ ಕಟ್ಟಿಸಿದನು.

ಅದೇ ದಿನಗಳಲ್ಲಿ ಸ್ಪ್ರಿಂಗ್‌ಫೀಲ್ಡಿನ ಹೊಸ ಸರೋವರದ ಬಳಿ, ಲಿಂಕನ್ನನ ನೆನಪಿಗೊಂದು ತೋಟವನ್ನು ಅವನು ರೂಪಿಸಿದನು. ಬೇಸಾಯ ಮಾಡಿ ಬಿಟ್ಟ ಬೋಳುನೆಲವದು. ಬೆಳೆದ ಮರಗಳನ್ನು ತರಿಸಲಿಲ್ಲ. 1936ರಲ್ಲಿ ಸ್ಕೌಟ್ ಬಾಲಕ ಬಾಲಕಿಯರಿಂದ ಓಕ್ ಮರದ ಬೀಜಗಳನ್ನು ನೆಡಿಸಿದನು. ಬೀಜ ಹೆಮ್ಮರವಾಗಲು ಒಂದು ಮನುಷ್ಯಾಯುಷ್ಯ ಬೇಕು. ಅವನಿಗಾಗಲೇ ಎಪ್ಪತ್ತಾರು ವರ್ಷ. 1951ರ ಅಕ್ಟೋಬರ್ 1ರಂದು, ತೊಂಬತ್ತೊಂದರ ವಯಸ್ಸಿನಲ್ಲಿ, ತನ್ನ ಶಾಲೆಯಲ್ಲಿಯೇ ಜೆನ್ಸೆನ್ ಕಣ್ಣು ಮುಚ್ಚಿದನು. ಆಗ ಸ್ಪ್ರಿಂಗ್‌ಫೀಲ್ಡಿನ ಓಕ್ ಗಿಡಗಳಿಗೆ ಹದಿನೈದು ವರ್ಷವೂ ತುಂಬಿರಲಿಲ್ಲ.