ಸೇವಾವ್ರತಿ ಡಾ. ಹರ್ಡೀಕರರು ಮತ್ತು ಘಟಪ್ರಭೆಯ ಆರೋಗ್ಯಧಾಮ

ಗೋಕಾಕ, ಮೂಡಲಗಿ, ಹುಕ್ಕೇರಿ ಪ್ರಾಂತದ ಶ್ರಾವಕ ಕುಟುಂಬಗಳಿಗೆ ಔಷಧದಾನವೆಂಬುದು ಹೊಸ ಮಾತಲ್ಲ. ಚತುರ್ವಿಧ ದಾನಗಳಲ್ಲಿ ಅದೂ ಒಂದೆಂಬುದನ್ನು ಬಾಲ್ಯದಿಂದಲೇ ಕೇಳಿ ಬೆಳೆದವರು ನಾವು. ಆದರೆ ಔಷಧಕ್ಕೆ ಹಣ ಕೊಡುವ ಕೈ ಒಂದಾದರೆ, ಅದನ್ನು ಹೊತ್ತುಹೊತ್ತಿಗೆ ರೋಗಿಗೆ ಕುಡಿಸುವ ಕೈ ಇನ್ನೊಂದು. ಈ ಎರಡನೆಯ ಕೈಗೆ ಶಿಸ್ತನ್ನು ಕಲಿಸಿದ ಮಹನೀಯರು ಡಾ. ನಾರಾಯಣ ಸುಬ್ಬರಾವ ಹರ್ಡೀಕರರು.

ಶ್ರೀಯುತರು 1889ರ ಮೇ 7ರಂದು ಧಾರವಾಡದಲ್ಲಿ ಜನಿಸಿದರು. ಕಲಕತ್ತೆಯಲ್ಲಿ ವೈದ್ಯವಿದ್ಯೆಯನ್ನು ಅಭ್ಯಸಿಸಿ, 1913ರಲ್ಲಿ ಅಮೇರಿಕೆಗೆ ತೆರಳಿ, ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರದ ಪದವಿ ಪಡೆದರು. ಅಲ್ಲಿ ಲಾಲಾ ಲಜಪತರಾಯರ ಸಹಚರರಾಗಿ ದುಡಿದು 1921ರಲ್ಲಿ ಸ್ವದೇಶಕ್ಕೆ ಮರಳಿದರು. ಇಂತಹ ವಿದ್ಯೆಯುಳ್ಳವರು ಆ ದಿನಗಳಲ್ಲಿ ಯಾವ ನಗರದಲ್ಲಾದರೂ ಸುಖವಾಗಿ ಇರಬಹುದಾಗಿತ್ತು. ಅವರು ಹುಬ್ಬಳ್ಳಿಯಲ್ಲಿ ನೆಲೆನಿಂತು ತರುಣರನ್ನು ಒಗ್ಗೂಡಿಸತೊಡಗಿದರು.

1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಯಾದವರಲ್ಲಿ ಹಲವರು ಕ್ಷಮೆ ಕೇಳಿ ಬಿಡುಗಡೆ ಹೊಂದಿದರು. ಹರ್ಡೀಕರರ ಹುಬ್ಬಳ್ಳಿಯ ತಂಡ ಮಾತ್ರ ತಲೆಬಾಗಲಿಲ್ಲ. ಇದು ದೇಶದ ನಾಯಕರ ಗಮನವನ್ನು ಸೆಳೆಯಿತು. ಅದೇ ವರ್ಷ ಡಿಸೆಂಬರದಲ್ಲಿ ಕಾಕಿನಾಡದ ಅಧಿವೇಶನದ ಸಂದರ್ಭದಲ್ಲಿ ಹಿಂದೂಸ್ತಾನಿ ಸೇವಾದಳದ ಸ್ಥಾಪನೆಯಾಗಿ, ಜವಾಹರಲಾಲ ನೆಹರೂ ಅದರ ಮೊದಲ ಅಧ್ಯಕ್ಷರಾದರು. ಮರುವರ್ಷ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಅಧಿವೇಶನ ನೆರೆದಾಗ, ಅದರ ವ್ಯವಸ್ಥೆಯ ಭಾರ ಹೊತ್ತವರಲ್ಲಿ ಈ ಸ್ವಯಂಸೇವಕರು ಪ್ರಮುಖರು. ವೇದಿಕೆಯ ಮೇಲಿನ ಭಾಷಣಗಳನ್ನು ಇತಿಹಾಸ ಬರೆದಿಟ್ಟಿದೆ. ನೀರು ಹೊತ್ತವರ, ಕಸ ಬಳಿದವರ ಹೆಸರುಗಳನ್ನು ಅಷ್ಟಾಗಿ ಬರೆದಿಟ್ಟಿಲ್ಲ.

1932ರಲ್ಲಿ ಬ್ರಿಟಿಷ್ ಸರಕಾರ ಸೇವಾದಳವನ್ನು ನಿಷೇಧಿಸಿತು. ಸಂಘಟನೆ ಚದುರಿದರೂ ಸೇವೆಯ ಮನೋಧರ್ಮ ಚದುರಲಿಲ್ಲ. ಗೋಕಾಕ ತಾಲೂಕಿನ ಘಟಪ್ರಭೆಯಲ್ಲಿ ಡಾ. ಕೊಕಟನೂರ ಅವರು 1929ರಲ್ಲಿ ಆರಂಭಿಸಿದ ಕರ್ನಾಟಕ ಆರೋಗ್ಯಧಾಮವು ಹರ್ಡೀಕರರ ಜೀವನದ ಇನ್ನೊಂದು ಕಾರ್ಯಕ್ಷೇತ್ರವಾಯಿತು. ರೈಲು ನಿಲ್ದಾಣವಿದ್ದ ಊರಾದುದರಿಂದ ಸುತ್ತಲಿನ ಹಳ್ಳಿಗಳ ರೋಗಿಗಳಿಗೆ ಇದು ಎಟುಕುವ ಸ್ಥಳವಾಗಿತ್ತು. ಇದು ದಾನಿಗಳ ಔದಾರ್ಯ ಹಾಗೂ ಕಾರ್ಯಕರ್ತರ ಶ್ರಮ ಎರಡನ್ನೂ ನಂಬಿ ಬೆಳೆದ ಧರ್ಮಾರ್ಥ ಸಂಸ್ಥೆ.

ಇಂತಹ ಸಂಸ್ಥೆಗೆ ಶ್ರಮದಾನ ಏಕೆ ಬೇಕೆಂಬುದು ಕಾಯಿಲೆಯ ಮಗುವನ್ನು ಆಸ್ಪತ್ರೆಗೆ ಕರೆದೊಯ್ದ ತಾಯಂದಿರಿಗೆ ಚೆನ್ನಾಗಿ ಗೊತ್ತು. ದೊಡ್ಡವರು ತಮ್ಮ ನೋವನ್ನು ಹೇಳಿಕೊಳ್ಳುತ್ತಾರೆ. ಕೂಸು ಅಳುವುದನ್ನುಳಿದು ಬೇರೇನನ್ನೂ ಅರಿಯದು. ವಾಂತಿಭೇದಿಯಾದ ಮಗು ಕೆಲವೇ ಗಂಟೆಗಳಲ್ಲಿ ಬತ್ತಿಹೋಗುತ್ತದೆ. ಅದಕ್ಕೆ ಚಮಚೆಯಿಂದ ನೀರು ಕುಡಿಸುತ್ತ ರಾತ್ರಿಯಿಡೀ ಎಚ್ಚರವಿರಬೇಕು. ತಾಯಿಗೋ ಮನೆಯಲ್ಲಿ ಇನ್ನೂ ಮೂರು ಮಕ್ಕಳು, ಹೊಲದಲ್ಲಿ ಕೆಲಸ. ವೈದ್ಯರು ಒಬ್ಬರು, ಹಾಸಿಗೆಗಳು ಹಲವು. ಬಟ್ಟೆ ಒಗೆಯುವವರು, ಉಪಕರಣಗಳನ್ನು ಕುದಿಸುವವರು, ಜೊತೆಗೆ ಬಂದ ಬಂಧುಗಳಿಗೆ ಗಂಜಿ ಬೇಯಿಸುವವರು ಇಲ್ಲದಿದ್ದರೆ, ದಾನಿಗಳು ಕಟ್ಟಿಸಿಕೊಟ್ಟ ಕೊಠಡಿ ಬರಿಯ ಕೊಠಡಿಯಾಗಿಯೇ ಉಳಿಯುತ್ತದೆ. ಹಾಗೆಂದು ದಾನಿಗಳ ಋಣ ಕಿರಿದಲ್ಲ. ಕೊಠಡಿಯೇ ಇಲ್ಲದಿದ್ದರೆ ಸೇವಕರು ನಿಲ್ಲುವುದಾದರೂ ಎಲ್ಲಿ?

ಸ್ವಾತಂತ್ರ್ಯಾನಂತರ ಹರ್ಡೀಕರರು 1952ರಿಂದ 1962ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಭೂಷಣ ಪ್ರಶಸ್ತಿ ಅವರಿಗೆ ಸಂದಿತು. ದೆಹಲಿಯ ಮನ್ನಣೆ ದೊರೆತ ಬಳಿಕವೂ ಘಟಪ್ರಭೆಯೊಡನೆ ಅವರ ನಂಟು ಸಡಿಲಲಿಲ್ಲ. 1975ರ ಆಗಸ್ಟ್ 26ರಂದು ಅವರು ಕಾಲವಶರಾದರು. ಜನ್ಮಶತಾಬ್ದಿಯ ವರ್ಷವಾದ 1989ರಲ್ಲಿ ಭಾರತ ಸರಕಾರ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು.

ದಾನ ನೀಡಿದವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ಪದ್ಧತಿ ನಮ್ಮ ನಾಡಿನಲ್ಲಿ ಬಹು ಪ್ರಾಚೀನವಾದುದು; ಆ ಹೆಸರುಗಳನ್ನು ನಾವು ಇಂದಿಗೂ ಗೌರವದಿಂದ ಓದುತ್ತೇವೆ. ಆರೋಗ್ಯಧಾಮಕ್ಕೆ ಧನ ನೀಡಿದವರಿಗೂ, ರಾತ್ರಿ ಕಂದೀಲು ಹಿಡಿದು ಎಚ್ಚರವಿದ್ದ ಹೆಸರಿಲ್ಲದ ಸೇವಕರಿಗೂ ಈ ಸಂಚಿಕೆಯ ಮೂಲಕ ನಮ್ಮ ಕೃತಜ್ಞತಾಪೂರ್ವಕ ವಂದನೆಗಳು.